ಇಟಲಿಯ ಹಳೆ ಬೈಕು: ಬೆಲೆ ಲೋಹಕ್ಕೋ, ಕತೆಗೋ?

1972ರ ಏಪ್ರಿಲ್ 23, ಭಾನುವಾರ. ಇಟಲಿಯ ಬೊಲೊನ್ಯಾ ನಗರಕ್ಕೆ ಹತ್ತಿರವಿರುವ ಇಮೋಲಾ ಪಟ್ಟಣದ ಓಟದ ಪಥದಲ್ಲಿ ಜನ ಕಿಕ್ಕಿರಿದಿದ್ದರು. ಅಂದು 200 ಮೈಲಿಗಳ ಮೋಟಾರ್ ಸೈಕಲ್ ಪಂದ್ಯ. ಗೆಲ್ಲುವ ಕುದುರೆ ಎಂದು ಎಲ್ಲರ ಕಣ್ಣು ನೆಟ್ಟಿದ್ದು ಎಂವಿ ಅಗುಸ್ತಾ ಬೈಕಿನ ಮೇಲಿದ್ದ ಜಾಕೊಮೊ ಅಗೊಸ್ತಿನಿಯ ಮೇಲೆ. ಬೊಲೊನ್ಯಾದ ಡುಕಾಟಿ ಕಂಪನಿ ಗಾಜಿನ ಪಕ್ಕೆಗಳುಳ್ಳ ದೊಡ್ಡ ವಾಹನದಲ್ಲಿ ತನ್ನ ಬೈಕುಗಳನ್ನು ಮೆರವಣಿಗೆಯಂತೆ ತಂದಿಳಿಸಿದಾಗ ನಕ್ಕವರೂ ಇದ್ದರು. ಏಕೆಂದರೆ ಅವು ಓಟಕ್ಕೆಂದೇ ಹುಟ್ಟಿದ ಬೈಕುಗಳಾಗಿರಲಿಲ್ಲ. ಅಂಗಡಿಯಲ್ಲಿ ಮಾರುತ್ತಿದ್ದ 750 ಸಿಸಿ ಬೈಕನ್ನೇ ತಿದ್ದಿ ತೀಡಿ ತಂದಿದ್ದರು. ನಡುವಿನ ಸ್ಟ್ಯಾಂಡ್ ಸಿಕ್ಕಿಸುವ ಕೊಂಡಿಗಳು ಕೂಡ ಫ್ರೇಮಿನ ಮೇಲೆ ಹಾಗೇ ಉಳಿದಿದ್ದವು!

ಸಂಜೆಯ ಹೊತ್ತಿಗೆ ನಗು ನಿಂತಿತ್ತು. ಅಗೊಸ್ತಿನಿಯ ಬೈಕು ನಡುವೆಯೇ ಕೈಕೊಟ್ಟಿತು. ಬ್ರಿಟನ್ನಿನ ಪಾಲ್ ಸ್ಮಾರ್ಟ್ ಮೊದಲನೆಯವನಾಗಿ, ಇಟಲಿಯ ಬ್ರೂನೊ ಸ್ಪಾಜಾರಿ ಎರಡನೆಯವನಾಗಿ ಬಂದರು. ಎರಡೂ ಡುಕಾಟಿ.

ಈ ಗೆಲುವಿನ ನೆನಪಿಗೆಂದು 1974ರಲ್ಲಿ ಕಂಪನಿ ಅದೇ ಮಾದರಿಯ ಸುಮಾರು 400 ಬೈಕುಗಳನ್ನು ಮಾರಾಟಕ್ಕಾಗಿ ತಯಾರಿಸಿತು. ಬೆಳ್ಳಿ ಬಣ್ಣದ ಮೈ, ಸಮುದ್ರದ ನೀರಿನ ಹಸಿರು ಬಳಿದ ಫ್ರೇಮು. ಹೆಸರು 750 ಸೂಪರ್ ಸ್ಪೋರ್ಟ್. ಆಸಕ್ತರ ಬಾಯಲ್ಲಿ ಇದು ಬರೀ ‘ಹಸಿರು ಫ್ರೇಮು’. ಈ ಬೈಕು ಹರಾಜಿನಲ್ಲಿ ಒಂದು ಲಕ್ಷ ಡಾಲರಿಗೂ ಮೇಲೆ ಮಾರಾಟವಾದದ್ದುಂಟು. ನಮ್ಮ ಲೆಕ್ಕದಲ್ಲಿ ಮುಕ್ಕಾಲು ಕೋಟಿ ರೂಪಾಯಿಗೂ ಹೆಚ್ಚು. ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಅದೇ ಕಾರ್ಖಾನೆಯಿಂದ, ಕಾರು ವಿನ್ಯಾಸದಲ್ಲಿ ಜಗತ್ಪ್ರಸಿದ್ಧನಾದ ಜಾರ್ಜೆತ್ತೊ ಜುಜಾರೊ ರೂಪಿಸಿದ 860 ಜಿಟಿ ಎಂಬ ಬೈಕೂ ಹೊರಬಂದಿತ್ತು. ಅದರ ಇಂಜಿನ್ ಇನ್ನೂ ದೊಡ್ಡದು. ಆದರೆ ಇವತ್ತು ಅದಕ್ಕೆ ಹಸಿರು ಫ್ರೇಮಿನ ಬೆಲೆಯ ಹತ್ತರಲ್ಲಿ ಒಂದೆರಡು ಪಾಲು ಸಿಕ್ಕರೆ ಹೆಚ್ಚು.

ಒಂದೇ ತಾಯಿಯ ಮಕ್ಕಳಿಗೆ ಇಷ್ಟೊಂದು ಅಂತರವೇಕೆ? ಹಳೆಯದಾದಷ್ಟೂ ಬೆಲೆ ಏರುತ್ತದೆ ಎಂಬ ನಂಬಿಕೆ ಇಲ್ಲಿಗೆ ಬಿದ್ದುಹೋಗುತ್ತದೆ. ವಯಸ್ಸು ಇಬ್ಬರಿಗೂ ಒಂದೇ. ಹಾಗಾದರೆ ಹಳೆ ಬೈಕಿಗೆ ಬೆಲೆ ಕಟ್ಟುವುದು ಹೇಗೆ?

ಹೊಟ್ಟೆಪಾಡಿನ ಗಾಡಿಗಳು

ಉತ್ತರಕ್ಕಾಗಿ ಸ್ವಲ್ಪ ಹಿಂದೆ ಹೋಗಬೇಕು. ಎರಡನೆಯ ಮಹಾಯುದ್ಧ ಮುಗಿದಾಗ ಇಟಲಿಯ ಕೈಯಲ್ಲಿ ಉಳಿದಿದ್ದು ಮುರಿದ ಸೇತುವೆ, ಸುಟ್ಟ ಕಾರ್ಖಾನೆ ಮತ್ತು ಕೆಲಸ ಹುಡುಕುವ ಜನ. ಡುಕಾಟಿ 1926ರಲ್ಲಿ ರೇಡಿಯೊ ಬಿಡಿಭಾಗ ತಯಾರಿಸಲು ಹುಟ್ಟಿದ ಕಂಪನಿ. 1944ರ ಅಕ್ಟೋಬರ್‌ನಲ್ಲಿ ಬಿದ್ದ ಬಾಂಬುಗಳು ಅದರ ಕಾರ್ಖಾನೆಯನ್ನು ನೆಲಸಮ ಮಾಡಿದವು. 1946ರಲ್ಲಿ ಅದು ಮತ್ತೆ ಉಸಿರಾಡಿದ್ದು ‘ಕುಚ್ಚೊಲೊ’ ಎಂಬ ಪುಟ್ಟ ಇಂಜಿನ್ ಮೂಲಕ. ಕುಚ್ಚೊಲೊ ಎಂದರೆ ನಾಯಿಮರಿ. ಸೈಕಲ್ಲಿಗೆ ಕಟ್ಟಿಕೊಳ್ಳಬಹುದಾದ 48 ಸಿಸಿಯ ಈ ಇಂಜಿನ್ ಮರಿಯಂತೆಯೇ ಸದ್ದು ಮಾಡುತ್ತಿತ್ತಂತೆ. ವಿಮಾನ ತಯಾರಿಸುತ್ತಿದ್ದ ಅಗುಸ್ತಾ, ಏರ್‌ಮಾಕ್ಕಿ, ಪಿಯಾಜೊ ಕಂಪನಿಗಳೂ ಆ ದಾರಿ ಮುಚ್ಚಿದ್ದರಿಂದ ಎರಡು, ಮೂರು ಚಕ್ರಗಳ ವಾಹನಗಳ ಕಡೆಗೆ ಹೊರಳಿದವು. ಕೋಮೊ ಸರೋವರದ ದಡದ ಮಾಂದೆಲ್ಲೊದಲ್ಲಿ 1921ರಿಂದಲೇ ಬೈಕು ತಯಾರಿಸುತ್ತಿದ್ದ ಮೋಟೊ ಗುಟ್ಸಿಗೆ ಕೈತುಂಬ ಕೆಲಸ ಸಿಕ್ಕಿತು.

ಆಗ ಮೋಟಾರ್ ಸೈಕಲ್ ಶೋಕಿಯಲ್ಲ. ಕೂಲಿಕಾರ ಕಾರ್ಖಾನೆಗೆ ಹೋಗಲು, ಬೇಕರಿಯವನು ಬ್ರೆಡ್ ಸಾಗಿಸಲು, ಪಾದ್ರಿ ಹಳ್ಳಿ ಸುತ್ತಲು ಬೇಕಾದ ಸಾಧನ. ಯಾವ ಬೈಕು ಗಟ್ಟಿ ಎಂದು ಜನರಿಗೆ ತೋರಿಸಲು ಕಂಪನಿಗಳು ಓಟಕ್ಕೆ ಇಳಿದವು. ಭಾನುವಾರ ಗೆದ್ದ ಬೈಕನ್ನು ಸೋಮವಾರ ಜನ ಅಂಗಡಿಯಲ್ಲಿ ಕೇಳುತ್ತಿದ್ದರು.

1957ರಲ್ಲಿ ಈ ಚಿತ್ರ ಬದಲಾಯಿತು. ಆ ವರ್ಷ ಫಿಯೆಟ್ ಕಂಪನಿ ತನ್ನ ಅಗ್ಗದ ಪುಟ್ಟ ಕಾರು ‘500’ ಅನ್ನು ಬಿಟ್ಟಿತು. ಮಳೆಯಲ್ಲಿ ನೆನೆಯದೆ ಹೆಂಡತಿ ಮಕ್ಕಳೊಡನೆ ಹೋಗಬಹುದಾದಾಗ ಬೈಕು ಯಾರಿಗೆ ಬೇಕು? ಅದೇ ವರ್ಷ ಗುಟ್ಸಿ, ಜಿಲೆರಾ, ಮೊಂಡಿಯಲ್ ಕಂಪನಿಗಳು ವೆಚ್ಚ ತಾಳಲಾರದೆ ಒಟ್ಟಾಗಿ ಗ್ರ್ಯಾನ್ ಪ್ರಿ ಓಟದಿಂದ ಹಿಂದೆ ಸರಿದವು. ಇನ್ನೊಂದು ಪೆಟ್ಟು 1969ರಲ್ಲಿ ಜಪಾನಿನಿಂದ ಬಂತು. ಹೋಂಡಾ ಕಂಪನಿಯ ನಾಲ್ಕು ಸಿಲಿಂಡರಿನ ಸಿಬಿ 750 ಬೈಕು ಗುಂಡಿ ಒತ್ತಿದರೆ ಶುರುವಾಗುತ್ತಿತ್ತು, ಎಣ್ಣೆ ಸೋರುತ್ತಿರಲಿಲ್ಲ, ಬೆಲೆಯೂ ಕಡಿಮೆ. ಸಾವಿರಗಟ್ಟಲೆ ತಯಾರಿಸುವ ಜಪಾನಿಗೆ ನೂರರ ಲೆಕ್ಕದಲ್ಲಿ ತಯಾರಿಸುವ ಇಟಲಿ ಸಾಟಿಯಾಗುವುದು ಸಾಧ್ಯವಿರಲಿಲ್ಲ.

ಇಂದಿನ ಬೆಲೆಯ ಗುಟ್ಟು ಈ ಸೋಲಿನಲ್ಲೇ ಇದೆ. ಕಾರ್ಖಾನೆಗಳು ಕಡಿಮೆ ತಯಾರಿಸಿದವು, ನಷ್ಟಪಟ್ಟವು, ಕೆಲವು ಮುಚ್ಚಿದವು, ಹಲವು ಕೈ ಬದಲಾದವು. ಅಂದು ಮಾಲೀಕರನ್ನು ಮುಳುಗಿಸಿದ ಕಡಿಮೆ ಸಂಖ್ಯೆಯೇ ಇಂದು ಆ ಬೈಕುಗಳನ್ನು ಅಪರೂಪದ ವಸ್ತುಗಳನ್ನಾಗಿ ಮಾಡಿದೆ.

ಕುರೂಪಿಗೂ ಬಂದ ಕಾಲ

ಆದರೆ ಅಪರೂಪವಾಗಿದ್ದರೆ ಸಾಲದು. ಯಾರಿಗೂ ಬೇಡವಾಗಿ ಅಪರೂಪವಾದ ಬೈಕುಗಳೂ ಇಟಲಿಯಲ್ಲಿ ಬೇಕಾದಷ್ಟಿವೆ. ಅಪರೂಪದ ಜೊತೆಗೆ ಒಂದು ಕತೆ ಬೇಕು.

ಎಂವಿ ಅಗುಸ್ತಾದ ಉದಾಹರಣೆ ನೋಡಿ. ಕೌಂಟ್ ಡೊಮೆನಿಕೊ ಅಗುಸ್ತಾನಿಗೆ ನಿಜವಾದ ದುಡ್ಡು ಬರುತ್ತಿದ್ದುದು ಹೆಲಿಕಾಪ್ಟರ್‌ಗಳಿಂದ. ಬೈಕು ಅವನ ಪ್ರತಿಷ್ಠೆಯ ವಿಷಯ. ಅವನ ಬೈಕುಗಳು ಗ್ರ್ಯಾನ್ ಪ್ರಿ ಓಟಗಳನ್ನು ವರ್ಷಗಟ್ಟಲೆ ಆಳಿದವು. ಅಗೊಸ್ತಿನಿ ಗೆದ್ದ 15 ವಿಶ್ವ ಪ್ರಶಸ್ತಿಗಳಲ್ಲಿ 13 ಎಂವಿಯ ಮೇಲೆ ಬಂದವು. 1965ರಲ್ಲಿ ಈ ಕಂಪನಿ ರಸ್ತೆಗೆಂದು ನಾಲ್ಕು ಸಿಲಿಂಡರಿನ ಬೈಕೊಂದನ್ನು ಪ್ರದರ್ಶಿಸಿದಾಗ ಅಭಿಮಾನಿಗಳು ಓಟದ ಕೆಂಪು ಬೈಕನ್ನೇ ನಿರೀಕ್ಷಿಸಿದ್ದರು. ಎದುರಿಗೆ ಬಂದದ್ದು ಚೌಕ ದೀಪದ, ಉಬ್ಬಿದ ಟ್ಯಾಂಕಿನ, ಭಾರವಾದ ಕಪ್ಪು ಬೈಕು! ಇಂಜಿನ್ 600 ಸಿಸಿ. ಹಿಂದಿನ ಚಕ್ರಕ್ಕೆ ಚೈನಿನ ಬದಲು ಶಾಫ್ಟು. ಯಾರಾದರೂ ಇದನ್ನು ಕೊಂಡು ತಿದ್ದಿ ತನ್ನದೇ ತಂಡದ ವಿರುದ್ಧ ಓಟಕ್ಕೆ ತಂದಾರು ಎಂಬ ಭಯದಿಂದಲೇ ಕೌಂಟ್ ಹೀಗೆ ಮಾಡಿಸಿದ ಎಂದು ಹೇಳುತ್ತಾರೆ. ಬೆಲೆ ಹೆಚ್ಚು, ರೂಪ ಕಡಿಮೆ. ಮಾರಾಟವಾದದ್ದು ನೂರು ಚಿಲ್ಲರೆ ಮಾತ್ರ.

ಅಂದು ಆಡಿಕೊಂಡು ನಕ್ಕ ಆ ಬೈಕಿಗಾಗಿ ಇಂದು ಸಂಗ್ರಹಕಾರರು ಸಾಲು ನಿಲ್ಲುತ್ತಾರೆ. ಏಕೆಂದರೆ ಅದು ಎಂವಿ ರಸ್ತೆಗಿಳಿಸಿದ ಮೊದಲ ನಾಲ್ಕು ಸಿಲಿಂಡರಿನ ಬೈಕು; ಅದರ ಹಿಂದೆ ಗ್ರ್ಯಾನ್ ಪ್ರಿಯ ವಂಶವಿದೆ, ಒಬ್ಬ ಹಟಮಾರಿ ಶ್ರೀಮಂತನ ಕತೆಯಿದೆ. ಕುರೂಪವೂ ಕತೆಯ ಒಂದು ಭಾಗವಾಗಿಬಿಟ್ಟಿದೆ. ಜುಜಾರೊನ 860 ಜಿಟಿಗೆ ಇಂಥ ಕತೆಯಿಲ್ಲ. ಇಮೋಲಾದಲ್ಲಿ ಅದು ಓಡಲಿಲ್ಲ.

ನಂಬರು ಸುಳ್ಳು ಹೇಳುವುದೇ?

ಕತೆಗೆ ಬೆಲೆ ಬಂದಾಗ ಸುಳ್ಳು ಕತೆಗಾರರೂ ಹುಟ್ಟಿಕೊಳ್ಳುತ್ತಾರೆ. ಸಾಮಾನ್ಯ 750 ಬೈಕಿನ ಫ್ರೇಮಿಗೆ ಹಸಿರು ಬಳಿದು, ಬೆಳ್ಳಿ ಬಣ್ಣದ ಟ್ಯಾಂಕು ಕೂರಿಸಿದರೆ ದೂರದಿಂದ ನೋಡಿದವರಿಗೆ ಸೂಪರ್ ಸ್ಪೋರ್ಟೇ. ಹೊಸದಾಗಿ ಅಚ್ಚು ಹಾಕಿದ ಟ್ಯಾಂಕು, ಸೀಟು, ಸೈಲೆನ್ಸರ್ ಎಲ್ಲವೂ ಮಾರುಕಟ್ಟೆಯಲ್ಲಿ ಸಿಗುತ್ತವೆ. ಇಂಥ ಬೈಕನ್ನು ‘ಪ್ರತಿಕೃತಿ’ ಎಂದು ಹೇಳಿ ಮಾರಿದರೆ ತಪ್ಪೇನಿಲ್ಲ. ಅಸಲಿ ಎಂದು ಮಾರಿದರೆ ಅದು ಮೋಸ. ಒಂದು ಬಣ್ಣದ ಡಬ್ಬಿಯ ಅಂತರದಲ್ಲಿ ಲಕ್ಷಾಂತರ ರೂಪಾಯಿ ನಿಂತಿರುವುದರಿಂದ ಆಸೆಗೆ ಬೀಳುವವರು ಇದ್ದೇ ಇರುತ್ತಾರೆ.

ಆದ್ದರಿಂದ ಬಲ್ಲವರು ಮೊದಲು ನೋಡುವುದು ಬಣ್ಣವನ್ನಲ್ಲ, ನಂಬರನ್ನು. ಫ್ರೇಮಿನ ಮೇಲೆ ಒಂದು, ಇಂಜಿನ್ನಿನ ಮೇಲೆ ಒಂದು ಸಂಖ್ಯೆ ಕೊರೆದಿರುತ್ತದೆ. ಇಲ್ಲಿ ಹೊಸಬರು ಎಡವುವ ಜಾಗವೊಂದಿದೆ. ಎರಡೂ ಸಂಖ್ಯೆ ಒಂದೇ ಇದ್ದರೆ ಬೈಕು ಅಸಲಿ ಎಂಬುದು ಸಾಮಾನ್ಯ ತಿಳಿವಳಿಕೆ. ಇಟಲಿಯಲ್ಲಿ ಇದು ಎಲ್ಲ ಕಂಪನಿಗೂ ಹೊಂದುವುದಿಲ್ಲ. ಬ್ರೆಗಾಂಜೆ ಊರಿನ ಲಾವೆರ್ಡಾ ಕಂಪನಿಯ ಬೈಕುಗಳಲ್ಲಿ ಫ್ರೇಮು, ಇಂಜಿನ್ ಸಂಖ್ಯೆಗಳು ಒಂದೇ ಇರುತ್ತವೆ. ಬೇರೆಯಾಗಿದ್ದರೆ ಇಂಜಿನ್ ಬದಲಾಗಿದೆ ಎಂದರ್ಥ. ಆದರೆ ಎಪ್ಪತ್ತರ ದಶಕದ ಡುಕಾಟಿಯಲ್ಲಿ ಕಾರ್ಖಾನೆಯಿಂದಲೇ ಸಂಖ್ಯೆಗಳು ಬೇರೆಬೇರೆ. ಹತ್ತಿರ ಹತ್ತಿರ ಇರುತ್ತವೆ, ಅಷ್ಟೆ. ಅಂಥ ಬೈಕಿನಲ್ಲಿ ಎರಡೂ ಸಂಖ್ಯೆ ಅಚ್ಚುಕಟ್ಟಾಗಿ ಒಂದೇ ಆಗಿದ್ದರೆ ಸಂತೋಷಪಡುವ ಬದಲು ಅನುಮಾನಪಡಬೇಕು!

ಅಂಕಿಗಳ ಆಕಾರ, ಅವುಗಳ ನಡುವಿನ ಅಂತರ, ಸುತ್ತಲಿನ ಲೋಹದ ಮೇಲೆ ಅರ ಆಡಿಸಿದ ಗುರುತು ಇದೆಯೇ ಎಂಬುದನ್ನೂ ನೋಡುತ್ತಾರೆ. ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಯಾವ ವರ್ಷ ತಯಾರಾಯಿತು ಎಂಬ ಪಟ್ಟಿಗಳನ್ನು ಅಭಿಮಾನಿ ಸಂಘಗಳೂ ಲೇಖಕರೂ ದಶಕಗಳ ಕಾಲ ಕೂಡಿಸಿದ್ದಾರೆ. ಲಾವೆರ್ಡಾದ ಕಿತ್ತಳೆ ಬಣ್ಣದ 750 ಎಸ್‌ಎಫ್‌ಸಿ ಎಂಬ ಓಟದ ಮಾದರಿ 1971ರಿಂದ 1976ರ ನಡುವೆ ತಯಾರಾದದ್ದು 549 ಮಾತ್ರ ಎಂದು ಲೆಕ್ಕ ಹಾಕಿದ್ದಾರೆ. ಆ ಸರಣಿಯ ಹೊರಗಿನ ಸಂಖ್ಯೆ ಹೊತ್ತ ಬೈಕು ಎಷ್ಟೇ ಕಿತ್ತಳೆಯಾಗಿದ್ದರೂ ಎಸ್‌ಎಫ್‌ಸಿ ಆಗುವುದಿಲ್ಲ.

ನಂಬರಿನ ನಂತರ ಕಾಗದ. ಇಟಲಿಯಲ್ಲಿ 1966ರಲ್ಲಿ ಸ್ಥಾಪನೆಯಾದ ಹಳೆ ವಾಹನಗಳ ಒಕ್ಕೂಟ ಎಎಸ್‌ಐ ಪರೀಕ್ಷೆ ಮಾಡಿ ಗುರುತಿನ ಪತ್ರ ಕೊಡುತ್ತದೆ; ಕಟ್ಟುನಿಟ್ಟಾದ ಪರೀಕ್ಷೆ ಗೆದ್ದ ವಾಹನಕ್ಕೆ ಚಿನ್ನದ ಬಣ್ಣದ ಫಲಕವೂ ಉಂಟು. ಮೊದಲ ನೋಂದಣಿಯ ಪುಸ್ತಕ ಮತ್ತು ಮೊದಲ ನಂಬರ್ ಪ್ಲೇಟು ಉಳಿದಿದ್ದರೆ ಬೆಲೆ ಇನ್ನೂ ಏರುತ್ತದೆ. ಹಳೆಯ ಪ್ಲೇಟಿನ ಮೇಲೆ ಜಿಲ್ಲೆಯ ಅಕ್ಷರಗಳಿರುತ್ತವೆ: ಬೊಲೊನ್ಯಾಕ್ಕೆ ಒಂದು ಗುರುತು, ಮಿಲಾನಿಗೆ ಇನ್ನೊಂದು. ಆ ತಗಡಿನ ತುಂಡು ಬೈಕು ಯಾವ ಊರಿನ ಬೀದಿಯಲ್ಲಿ ಬಾಳಿತು ಎಂಬುದಕ್ಕೆ ಸಾಕ್ಷಿ.

ಟ್ಯಾಂಕಿನೊಳಗಿನ ನೊಣ

ಹಸಿರು ಫ್ರೇಮಿನ ಡುಕಾಟಿ ಬಗ್ಗೆ ಅಭಿಮಾನಿಗಳು ಮತ್ತೆ ಮತ್ತೆ ಹೇಳುವ ಪ್ರಸಂಗವೊಂದಿದೆ. ಆ ಬೈಕು ಹೊಸದಾಗಿ ಅಮೆರಿಕಕ್ಕೆ ಬಂದಾಗ ‘ಸೈಕಲ್’ ಎಂಬ ಅಲ್ಲಿನ ಹೆಸರಾಂತ ಬೈಕು ಪತ್ರಿಕೆ ಅದನ್ನು ಪರೀಕ್ಷಿಸಿತು. ಓಟದಲ್ಲಿ ಅದಕ್ಕೆ ಸಾಟಿಯಿಲ್ಲ ಎಂದು ಹೊಗಳಿತು. ಜೊತೆಗೆ ಟ್ಯಾಂಕಿನ ಫೈಬರ್‌ಗ್ಲಾಸ್ ಒಳಗೆ ಒಂದು ನೊಣ ಸಿಕ್ಕಿಕೊಂಡು ಹಾಗೇ ಗಟ್ಟಿಯಾಗಿಬಿಟ್ಟಿದ್ದನ್ನೂ ಓದುಗರಿಗೆ ತಿಳಿಸಿತು! ಸರ್ಕಾರಿ ಒಡೆತನದಲ್ಲಿದ್ದ ಅಂದಿನ ಕಾರ್ಖಾನೆಯ ಕೆಲಸದ ಅಚ್ಚುಕಟ್ಟು ಅಷ್ಟರಮಟ್ಟಿಗಿತ್ತು. ಇಂಜಿನ್ ತಜ್ಞ ಫಾಬಿಯೊ ತಾಲ್ಯೋನಿಯ ಮಿದುಳು ಬಂಗಾರ. ಪೇಂಟು, ಕ್ರೋಮು, ಸ್ವಿಚ್ಚುಗಳು ಮಾತ್ರ ದೇವರಿಗೇ ಪ್ರೀತಿ.

ಈಗ ಯೋಚಿಸಿ. ಅಂಥ ಬೈಕು ಕೈಗೆ ಬಂದರೆ ನೊಣವನ್ನು ಕಿತ್ತು ತೆಗೆದು ಟ್ಯಾಂಕನ್ನು ಕನ್ನಡಿಯಂತೆ ಮಾಡಬೇಕೇ? ಹಾಗೇ ಬಿಡಬೇಕೇ?

ಒಂದು ಕಾಲಕ್ಕೆ ಎಲ್ಲರ ಉತ್ತರವೂ ಒಂದೇ ಆಗಿತ್ತು. ಪೂರ್ತಿ ಬಿಚ್ಚಿ, ಪಾಲಿಶ್ ಹೊಡೆದು, ಹೊಸ ಬಣ್ಣ ಬಳಿದು, ಕಾರ್ಖಾನೆಯಿಂದ ಬಂದದ್ದಕ್ಕಿಂತಲೂ ಹೊಳೆಯುವಂತೆ ಮಾಡುತ್ತಿದ್ದರು. ಈಗ ಅಭಿಪ್ರಾಯ ತಿರುಗಿದೆ. ಮಾಸಿದ ಆದರೆ ಮೂಲವಾದ ಬಣ್ಣ, ಸವೆದ ಆದರೆ ಮೊದಲಿನಿಂದ ಇದ್ದ ಸೀಟು, ಅಂದಿನದೇ ನಟ್ಟು ಬೋಲ್ಟುಗಳು ಉಳಿದಿದ್ದರೆ ಕೊಳ್ಳುವವರು ಹೆಚ್ಚು ಕೊಡಲು ಸಿದ್ಧರಿದ್ದಾರೆ. ಬೈಕನ್ನು ಎಷ್ಟು ಸಾರಿ ಬೇಕಾದರೂ ಹೊಸದು ಮಾಡಬಹುದು, ಮೂಲವಾಗಿ ಇರುವುದು ಒಂದೇ ಸಾರಿ. ಬಣ್ಣ ಕೆರೆದವನು ಧೂಳಿನ ಜೊತೆಗೆ ಸಾಕ್ಷ್ಯವನ್ನೂ ಕೆರೆದು ಹಾಕುತ್ತಾನೆ. ಇದು ಶಾಸನದ ಕಲ್ಲಿಗೆ ಸುಣ್ಣ ಬಳಿದಂತೆ. ಕಲ್ಲು ಬೆಳ್ಳಗಾಗುತ್ತದೆ, ಓದಲು ಏನೂ ಉಳಿದಿರುವುದಿಲ್ಲ.

ಹಾಗೆಂದು ತುಕ್ಕು ತಿಂದು ಬಿದ್ದಿರುವುದೆಲ್ಲ ಮೂಲ ಎಂದು ಬೆಲೆ ಹೇಳುವವರನ್ನು ನಂಬಬೇಕಿಲ್ಲ. ಕಾಳಜಿಯಿಂದ ಇಟ್ಟುಕೊಂಡು ಮಾಸಿದ್ದು ಬೇರೆ, ಹಿತ್ತಲಲ್ಲಿ ಮಳೆಗೆ ಬಿಟ್ಟು ಕೊಳೆತದ್ದು ಬೇರೆ.

ಇಂಜಿನ್ನಿನ ಒಳಗುಟ್ಟು

ಕತೆಯೂ ಕಾಗದವೂ ಸರಿಯಿದ್ದ ಮೇಲೆ ಇಂಜಿನ್ನಿನ ಸರದಿ. ಇಲ್ಲಿ ಒಂದೊಂದು ಕಂಪನಿಗೆ ಒಂದೊಂದು ಕಾಯಿಲೆ.

ಮೋಟೊ ಗುಟ್ಸಿಯ ಬೈಕುಗಳು ಗಟ್ಟಿತನಕ್ಕೆ ಹೆಸರಾದವು. ಇಟಲಿಯ ಪೊಲೀಸರು ಓಡಿಸಿದರು, ಅಮೆರಿಕದ ಲಾಸ್ ಏಂಜಲೀಸ್ ಪೊಲೀಸರೂ ಕೊಂಡರು. ಆದರೆ ಎಪ್ಪತ್ತರ ದಶಕದ ಹಲವು ಮಾದರಿಗಳಲ್ಲಿ ಸಿಲಿಂಡರಿನ ಒಳಗೋಡೆಗೆ ಕ್ರೋಮಿಯಂ ಲೇಪ ಕೊಟ್ಟಿದ್ದರು. ವರ್ಷಗಳು ಕಳೆದಂತೆ ಈ ಲೇಪ ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ. ಎದ್ದ ಚೂರುಗಳು ಎಣ್ಣೆಯಲ್ಲಿ ಸೇರಿ ಇಂಜಿನ್ನಿನ ಹೊಟ್ಟೆ ಕೆಡಿಸುತ್ತವೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಹಾಗಾಗಿ ಅನುಭವಿಗಳು ಮೊದಲು ಕೇಳುವ ಪ್ರಶ್ನೆ, ‘ಸಿಲಿಂಡರ್ ಬದಲಾಯಿಸಿದ್ದೀರಾ?’. ಮೂಲ ಭಾಗ ಉಳಿದಿರುವುದೇ ದೋಷವಾಗುವ ಅಪರೂಪದ ಸಂದರ್ಭ ಇದು.

ಹಳೆಯ ಡುಕಾಟಿಯಲ್ಲಿ ವಾಲ್ವುಗಳನ್ನು ಆಡಿಸುವ ಕ್ಯಾಮಿಗೆ ಚೈನು, ಬೆಲ್ಟುಗಳ ಬದಲು ಹಲ್ಲಿನ ಚಕ್ರ ಮತ್ತು ಶಾಫ್ಟು ಇರುತ್ತದೆ. ಸೂಪರ್ ಸ್ಪೋರ್ಟಿನಲ್ಲಿ ತಾಲ್ಯೋನಿಯ ‘ಡೆಸ್ಮೊ’ ಪದ್ಧತಿಯೂ ಉಂಟು. ಸಾಮಾನ್ಯ ಇಂಜಿನ್ನಿನಲ್ಲಿ ವಾಲ್ವು ಮುಚ್ಚುವುದು ಸ್ಪ್ರಿಂಗಿನ ಕೆಲಸ. ಡೆಸ್ಮೊದಲ್ಲಿ ತೆರೆಯುವುದಕ್ಕೂ ಮುಚ್ಚುವುದಕ್ಕೂ ಕ್ಯಾಮೇ. ಇವುಗಳನ್ನು ತೆಳು ತಗಡಿನ ಬಿಲ್ಲೆಗಳಿಟ್ಟು ಕೂದಲೆಳೆಯ ಲೆಕ್ಕದಲ್ಲಿ ಹೊಂದಿಸಬೇಕು. ಈ ಕೈಕೆಲಸ ಬಲ್ಲ ಮೆಕ್ಯಾನಿಕ್‌ಗಳು ವಿರಳ, ಕೂಲಿಯೂ ದುಬಾರಿ. ಎಂಬತ್ತರ ದಶಕದಿಂದ ಡುಕಾಟಿಗೆ ರಬ್ಬರ್ ಬೆಲ್ಟು ಬಂತು. 1994ರ ಪ್ರಸಿದ್ಧ 916 ಮಾದರಿ ಕೂಡ ಬೆಲ್ಟಿನದೇ. ಓಡಿಸದೆ ನಿಲ್ಲಿಸಿದರೂ ಬೆಲ್ಟು ಹಳತಾಗುತ್ತದೆ; ಅದು ತುಂಡಾದರೆ ವಾಲ್ವು ಪಿಸ್ಟನ್ನಿಗೆ ಬಡಿದು ಇಂಜಿನ್ ಹಾಳು. ‘ಬರೀ ಮೂರು ಸಾವಿರ ಕಿಲೋಮೀಟರ್ ಓಡಿದೆ’ ಎಂಬ ಮಾತು ಇಲ್ಲಿ ಹೊಗಳಿಕೆಯಲ್ಲ. ಸರ್ವಿಸ್ ಮಾಡಿಸಿದ ಬಿಲ್ಲುಗಳಿಲ್ಲದ ಅಗ್ಗದ ಬೈಕು ಕೊನೆಗೆ ದುಬಾರಿಯಾಗುತ್ತದೆ.

ಫೈಬರ್‌ಗ್ಲಾಸ್ ಟ್ಯಾಂಕಿಗೆ ಈ ಕಾಲದ ಶತ್ರು ಎಥೆನಾಲ್. ಪೆಟ್ರೋಲಿಗೆ ಬೆರೆಸಿದ ಎಥೆನಾಲ್ ಹಳೆಯ ಅಂಟನ್ನು ಮೆತ್ತಗೆ ಮಾಡಿ ಕಾರ್ಬ್ಯುರೇಟರಿಗೆ ಇಳಿಸುತ್ತದೆ. ಹಾಗಾಗಿ ಕೆಲವರು ಮೂಲ ಟ್ಯಾಂಕನ್ನು ಕಪಾಟಿನಲ್ಲಿಟ್ಟು, ಓಡಿಸಲು ಬೇರೆ ಟ್ಯಾಂಕು ಹಾಕಿಕೊಳ್ಳುತ್ತಾರೆ. ಮಾರುವಾಗ ಎರಡನ್ನೂ ಕೊಟ್ಟರೆ ಸರಿ. ಪೆಸಾರೊ ಊರಿನ ಬೆನೆಲ್ಲಿ ಕಂಪನಿಯ ಆರು ಸಿಲಿಂಡರಿನ 750 ‘ಸೇಯಿ’ ಬೈಕು ಕೊಳ್ಳುವವರು ಅದರ ಆರು ಸೈಲೆನ್ಸರುಗಳನ್ನು ಒಂದೊಂದಾಗಿ ತಟ್ಟಿ ನೋಡಬೇಕು. ಒಂದು ತೂತಾಗಿದ್ದರೆ ಮಿಕ್ಕ ಐದೂ ಅದೇ ದಾರಿ ಹಿಡಿದಿರುತ್ತವೆ.

ನಮ್ಮ ದೇಶದ ನಂಟು

ಇಟಲಿಯ ದೊಡ್ಡ ಬೈಕುಗಳು ಆ ಕಾಲದಲ್ಲಿ ನಮ್ಮ ರಸ್ತೆಗಳಿಗೆ ಬರಲಿಲ್ಲ. ಆದರೆ ಅದರ ಸ್ಕೂಟರುಗಳು ಬಂದವು. ಲ್ಯಾಂಬ್ರೆಟ್ಟಾ ಮುಂಬೈಯಲ್ಲೂ, ವೆಸ್ಪಾ ಬಜಾಜ್ ಕಂಪನಿಯ ಕೈಯಲ್ಲೂ ತಯಾರಾದವು. ಮುಂದೆ ಮಿಲಾನಿನ ಲ್ಯಾಂಬ್ರೆಟ್ಟಾ ಕಾರ್ಖಾನೆಯ ಯಂತ್ರಗಳನ್ನೇ ಕೊಂಡು ತಂದು ಲಖನೌದಲ್ಲಿ 1972ರಲ್ಲಿ ಸ್ಕೂಟರ್ಸ್ ಇಂಡಿಯಾ ಎಂಬ ಸರ್ಕಾರಿ ಕಂಪನಿ ಸ್ಥಾಪನೆಯಾಯಿತು. ನಮ್ಮ ಅಪ್ಪಂದಿರು ಓಡಿಸಿದ ವಿಜಯ್ ಸೂಪರ್ ಅಲ್ಲಿಯದೇ. ಯಂತ್ರ ಅದೇ, ನಕ್ಷೆ ಅದೇ. ಆದರೂ ಯುರೋಪಿನ ಸಂಗ್ರಹಕಾರರು ಮಿಲಾನಿನ ಲ್ಯಾಂಬ್ರೆಟ್ಟಾಕ್ಕೆ ಕೊಡುವ ಬೆಲೆಯನ್ನು ಲಖನೌದ್ದಕ್ಕೆ ಕೊಡುವುದಿಲ್ಲ. ಹುಟ್ಟಿದ ಊರಿಗೂ ಒಂದು ಬೆಲೆಯಿದೆ ಎಂಬುದಕ್ಕೆ ನಮ್ಮದೇ ಉದಾಹರಣೆ ಇದು.

ಕೇಂದ್ರ ಸರ್ಕಾರ 2021ರಲ್ಲಿ 50 ವರ್ಷ ದಾಟಿದ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. ರಾಜ್ಯದ ಅಕ್ಷರಗಳ ಜೊತೆಗೆ ‘ವಿಎ’ ಎಂಬ ಗುರುತು ಸಿಗುತ್ತದೆ. ಅದಕ್ಕೊಂದು ಷರತ್ತುಂಟು: ವಾಹನ ತನ್ನ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಇಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಮಾಡಿರಬಾರದು. ಇಟಲಿಯ ಸಂಗ್ರಹಕಾರ ಕಲಿತ ಪಾಠವನ್ನೇ ನಮ್ಮ ಕಾನೂನೂ ಹೇಳುತ್ತಿದೆ. ಮೈಸೂರಿನಲ್ಲಿ 1961ರಿಂದ 1996ರವರೆಗೆ ನಡೆದ ಐಡಿಯಲ್ ಜಾವಾ ಕಾರ್ಖಾನೆಯ ಬೈಕುಗಳನ್ನು ಹಿತ್ತಲಲ್ಲಿ ಇಟ್ಟುಕೊಂಡವರು ಪೇಂಟರನ್ನು ಕರೆಸುವ ಮುನ್ನ ಇದನ್ನೊಮ್ಮೆ ನೆನೆಯುವುದು ಒಳ್ಳೆಯದು. ಹಳೆಯ ಆರ್.ಸಿ. ಪುಸ್ತಕವನ್ನು ಗುಜರಿಗೆ ಹಾಕುವ ಮುನ್ನ ಇನ್ನೂ ಒಮ್ಮೆ.

ಬೆಲೆ ಎಲ್ಲಿಯವರೆಗೆ?

ಹರಾಜಿನ ಸುದ್ದಿ ಓದಿ ಪ್ರತಿ ಹಳೆ ಬೈಕಿಗೂ ಅದೇ ಬೆಲೆ ಎಂದು ತಿಳಿಯುವುದು ಅಪಾಯ. ಪತ್ರಿಕೆಯಲ್ಲಿ ಬರುವುದು ಅತಿ ಒಳ್ಳೆಯ ಬೈಕು, ಇಬ್ಬರು ಹಟವಾದಿಗಳ ನಡುವೆ ಏರಿದ ಬೆಲೆ. ಅದರಲ್ಲಿ ಹರಾಜು ಕಂಪನಿಯ ಪಾಲೂ ಸೇರಿರುತ್ತದೆ. ಮಾರಾಟವಾಗದೆ ಮನೆಗೆ ಮರಳಿದ ಬೈಕುಗಳ ಸುದ್ದಿ ಯಾರೂ ಬರೆಯುವುದಿಲ್ಲ.

ಇನ್ನೊಂದು ಮಾತು. ಬೆಲೆ ನೆನಪಿನ ಜೊತೆ ನಡೆಯುತ್ತದೆ. ಹದಿನೆಂಟನೆಯ ವಯಸ್ಸಿನಲ್ಲಿ ಗೋಡೆಗೆ ಚಿತ್ರ ಅಂಟಿಸಿಕೊಂಡು ಕೊಳ್ಳಲಾಗದೆ ಹೋದ ಬೈಕನ್ನು ಜನ ಐವತ್ತರಲ್ಲಿ ಹುಡುಕಿಕೊಂಡು ಬರುತ್ತಾರೆ. ಆ ತಲೆಮಾರು ಕಳೆದಾಗ ನೆನಪೂ ಮಾಸುತ್ತದೆ, ಮುಂದಿನವರು ತಮ್ಮ ಕಾಲದ ಬೈಕನ್ನು ಹುಡುಕುತ್ತಾರೆ. ಇಮೋಲಾ ನೋಡಿದವರಿಗೆ ಹಸಿರು ಫ್ರೇಮು ಹೇಗೋ, ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ಮಾಸ್ಸಿಮೊ ತಂಬೂರಿನಿ ರೂಪಿಸಿದ 916 ಹಾಗೆ. ಕತೆ ಹಳೆಯದಾದರೂ ಹೇಳುವವರಿದ್ದರೆ ಮಾತ್ರ ಬದುಕುತ್ತದೆ. ಡುಕಾಟಿ ಕಂಪನಿಗೂ ಇದು ಗೊತ್ತು. 2006ರಲ್ಲಿ ಅದು ಅದೇ ಬೆಳ್ಳಿ, ಅದೇ ಹಸಿರು ಬಳಿದು ಹೊಸ ಬೈಕೊಂದನ್ನು ಪಾಲ್ ಸ್ಮಾರ್ಟನ ಹೆಸರಿನಲ್ಲೇ ಮಾರಿತು. ಈಗ ಅದಕ್ಕೂ ಸಂಗ್ರಹಕಾರರಿದ್ದಾರೆ.

ಬೆಲೆ ಏರಿದಂತೆ ಇನ್ನೊಂದು ನಷ್ಟವೂ ಆಗುತ್ತಿದೆ. ಓಡಬೇಕಾದ ಬೈಕು ಗಾಜಿನ ಪೆಟ್ಟಿಗೆ ಸೇರುತ್ತಿದೆ. ಒಂದೊಂದು ಕಿಲೋಮೀಟರೂ ಬೆಲೆ ಕಳೆಯುತ್ತದೆ ಎಂದು ಮಾಲೀಕ ಕೀಲಿಯನ್ನು ಮುಟ್ಟುವುದಿಲ್ಲ. ಶಬ್ದಕ್ಕೆ ಹೆಸರಾದ ಇಂಜಿನ್ ಮೌನವಾಗಿ ಹಣವಾಗಿ ಕೂತಿರುತ್ತದೆ.

ಪಾಲ್ ಸ್ಮಾರ್ಟ್ ಹಾಗಿರಲಿಲ್ಲ. ಇಮೋಲಾದಲ್ಲಿ ತಾನು ಗೆದ್ದ ಬೈಕನ್ನೇ ಕಂಪನಿ ಅವನಿಗೆ ಉಡುಗೊರೆಯಾಗಿ ಕೊಟ್ಟಿತ್ತು. ಆ ಬೈಕಿಗೆ ಇಂದು ಯಾರು ಎಷ್ಟು ಬೆಲೆ ಕಟ್ಟುತ್ತಾರೋ, ಲೆಕ್ಕ ಹಾಕುವುದು ಕಷ್ಟ. ಅವನು ಮಾತ್ರ ಬೈಕು ಓಡಿಸುವುದನ್ನು ಬಿಡಲಿಲ್ಲ. 2021ರ ಅಕ್ಟೋಬರ್‌ನಲ್ಲಿ, 78ನೆಯ ವಯಸ್ಸಿನಲ್ಲಿ, ರಸ್ತೆ ಅಪಘಾತದಲ್ಲಿ ತೀರಿಕೊಂಡಾಗಲೂ ಅವನು ಬೈಕಿನ ಮೇಲಿದ್ದ. ನಂಬರು, ಕಾಗದ, ಬಣ್ಣ ಎಲ್ಲವನ್ನೂ ಪರೀಕ್ಷಿಸಿ ಬೆಲೆ ಕಟ್ಟುವವರು ಕೊನೆಗೆ ಹುಡುಕುವುದು ಅಂಥವರು ಓಡಿಸಿದ ಗುರುತನ್ನೇ.